ಅಣ್ಣನ ಕೈಯ ಎಣ್ಣೆ

ನಮ್ಮ ಮನೆಯಲ್ಲಿ ಯಾರಿಗೂ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಹುಟ್ಟಿದವರಿಗೆಲ್ಲ ಇರುವ ರೋಗ ಇದು. ಮುಂದಿನ ಹಜಾರದಲ್ಲಿ ಮಗ್ಗಗಳು ಖಟಖಟ ಹೊಡೆದುಕೊಳ್ಳುತ್ತಿದ್ದರೆ ಹಿಂದಿನ ಅಡುಗೆಮನೆಯಲ್ಲಿ ಉಪ್ಪು ಬೇಕೆಂದರೂ ಕೂಗಬೇಕು. ಕರೆಂಟು ಹೋದಾಗ ಮಗ್ಗ ನಿಲ್ಲುತ್ತಿತ್ತು, ಗಂಟಲು ನಿಲ್ಲುತ್ತಿರಲಿಲ್ಲ. ಕೈಗೆ ಕೆಲಸವಿಲ್ಲ, ಬಾಯಿಗೆ ಬಿಡುವಿಲ್ಲ. ನಮ್ಮ ಮನೆಯ ಜಗಳಗಳೆಲ್ಲ ಆ ಹೊತ್ತಿನವು. ಹೆಚ್ಚಿನವು ಆಸ್ತಿಗಲ್ಲ, ಹೆಂಗಸರ ಮಾತಿಗಲ್ಲ, ಕಾರಿಗೆ. ಹಳೆಯ ಕಾರು ಮೇಲೋ ಹೊಸ ಕಾರು ಮೇಲೋ ಎಂದು ಇಬ್ಬರು ಅಣ್ಣತಮ್ಮಂದಿರು ಊಟ ಆರಲು ಬಿಟ್ಟು ಕಿತ್ತಾಡುತ್ತಿದ್ದರು ಎಂದರೆ ಕೇಳಿದವರು ನಗುತ್ತಾರೆ. ನನಗೆ ಮಾತ್ರ ಇವತ್ತಿಗೂ ನಗು ಬರುವುದಿಲ್ಲ.

ಅಪ್ಪನದು ಹಳೆಯ ಕಾರು. ಕಂಪನಿಯ ಹೆಸರು ಬೇಡ. ಆ ದುಂಡು ಬೆನ್ನು, ಆ ದಪ್ಪ ಬಂಪರು ಎಂದರೆ ಆ ಕಾಲದವರಿಗೆ ಗೊತ್ತಾಗುತ್ತದೆ. ಹಸು ಮಾರಿದ ಮೇಲೆ ಖಾಲಿ ಬಿದ್ದಿದ್ದ ಕೊಟ್ಟಿಗೆಯೇ ಅದರ ಮನೆ. ಗೋದಲಿ ಹಾಗೇ ಇತ್ತು, ಅದರೊಳಗೆ ಹುಲ್ಲಿನ ಬದಲು ಸ್ಪ್ಯಾನರು, ಜಾಕು, ತಂತಿಯ ಸುರುಳಿ, ತೇಪೆ ಹಾಕಿದ ಟ್ಯೂಬು. ಅಪ್ಪ ಬೆಳಿಗ್ಗೆ ಎದ್ದು ದೇವರಿಗೆ ಕೈಮುಗಿದು ಸೀದಾ ಕೊಟ್ಟಿಗೆಗೆ ಹೋಗುತ್ತಿದ್ದ. ಚಳಿಗಾಲದಲ್ಲಿ ಗಾಡಿ ಹೊರಡದಿದ್ದರೆ ನಾವು ಮಕ್ಕಳೂ ಮಗ್ಗದ ಆಳುಗಳೂ ಸೇರಿ ಹಿಂದಿನಿಂದ ನೂಕಬೇಕಿತ್ತು. ನೂಕಿಸಿಕೊಳ್ಳುವಾಗ ಅಪ್ಪನಿಗೆ ಒಂದಿಷ್ಟೂ ನಾಚಿಕೆಯಿಲ್ಲ. ಹೆರಿಗೆ ಮಾಡಿಸುವ ಸೂಲಗಿತ್ತಿಯ ಗಾಂಭೀರ್ಯದಲ್ಲಿ ಸ್ಟೀರಿಂಗ್ ಹಿಡಿದು ಕೂತಿರುತ್ತಿದ್ದ. ಕೊನೆಗೆ ಅದು ಕೆಮ್ಮಿ, ಹೊಗೆ ಉಗುಳಿ, ಎದ್ದಾಗ ಬೀದಿಯ ಕಡೆ ಒಮ್ಮೆ ನೋಡುತ್ತಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಅಮ್ಮ ಅಡುಗೆಮನೆಯಿಂದಲೇ ಹೇಳುತ್ತಿದ್ದಳು, ಅದೂ ಕೂಗಿಯೇ.

ಚಿಕ್ಕಪ್ಪ ಬುಕ್ ಮಾಡಿ, ಕಾದು ಕಾದು, ಒಂದು ದಿನ ಬೆಂಗಳೂರಿನಿಂದ ಹೊಸ ಕಾರು ತಂದ. ಬಿಳಿ ಬಣ್ಣದ ಪುಟ್ಟ ಗಾಡಿ. ಅದಕ್ಕೆ ಕೊಟ್ಟಿಗೆಯಲ್ಲಿ ಜಾಗವಿರಲಿಲ್ಲ. ಮನೆ ಮುಂದಿನ ಹೊಂಗೆಮರದ ಕೆಳಗೆ ನಿಂತಿತು. ಕಾಗೆಯ ಕಾಟಕ್ಕೆ ಚಿಕ್ಕಮ್ಮ ಸುಮಿತ್ರಾ, ನೇಯ್ಗೆಯಲ್ಲಿ ಎಳೆ ತಪ್ಪಿ ತಿರಸ್ಕಾರವಾದ ಸೀರೆಗಳನ್ನು ಜೋಡಿಸಿ ಅದಕ್ಕೊಂದು ಹೊದಿಕೆ ಹೊಲಿದಳು. ಜರಿ ಅಂಚಿನ ಹೊದಿಕೆ ಹೊದ್ದ ಕಾರು ನಮ್ಮ ಬೀದಿಯಲ್ಲಿ ಅದೊಂದೇ. ಗಾಡಿಯ ಜೊತೆ ಬಂದ ಪುಸ್ತಕವನ್ನು ಚಿಕ್ಕಪ್ಪ ಪುರಾಣದ ಹಾಗೆ ಗಟ್ಟಿಯಾಗಿ ಓದುತ್ತಿದ್ದ. ಯಾವ ಮುಚ್ಚಳದಲ್ಲಿ ಏನು ಹಾಕಬೇಕು, ಯಾವುದರಲ್ಲಿ ಏನು ಹಾಕಬಾರದು ಎಲ್ಲ ಅವನಿಗೆ ಬಾಯಿಪಾಠ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಅವನಿಗೆ ಗೊತ್ತಿರಲಿಲ್ಲ ಎಂದು ಮುಂದೆ ಯಾರೂ ಅಂದುಕೊಳ್ಳಬಾರದು.

ಕರೆಂಟು ಹೋದ ಕೂಡಲೇ ಜಗಲಿಯ ಮೇಲೆ ಸಭೆ. ಅಪ್ಪ, ಚಿಕ್ಕಪ್ಪ, ಎದುರುಮನೆಯ ನಂಜಪ್ಪ. ನಂಜಪ್ಪ ಬಸ್ಸು ಓಡಿಸಿ ನಿವೃತ್ತನಾದವನು, ಹಾಗಾಗಿ ನ್ಯಾಯಾಧೀಶ.

"ಕಬ್ಬಿಣ ಕಣೋ ಅದು, ಕಬ್ಬಿಣ," ಅಪ್ಪ ಶುರುಮಾಡುತ್ತಿದ್ದ. "ಗುದ್ದಿದ್ರೆ ಮರ ಅಲ್ಲಾಡ್ಬೇಕು, ಗಾಡಿ ಅಲ್ಲ. ನಿಂದು ಡಾಲ್ಡಾ ಡಬ್ಬ. ಮೇಲೆ ಕೂತ್ರೆ ತಗ್ಗು ಬೀಳುತ್ತೆ."

"ಮೇಲ್ಯಾಕಣ್ಣ ಕೂರ್ತೀಯಾ, ಒಳಗೆ ಕೂತ್ಕೋ. ಒಂದೇ ಸಲ ಕೀಲಿ ತಿರುಗ್ಸು, ಹೊರಡುತ್ತೆ. ನೂಕೋಕೆ ಬೀದೀನೆಲ್ಲ ಕರೀಬೇಕಾಗಿಲ್ಲ."

"ಕೆಟ್ರೆ ಏನ್ಮಾಡ್ತೀಯ? ನಂದಾದ್ರೆ ಒಂದು ತಂತಿ, ಒಂದು ಇಕ್ಕಳ ಸಾಕು. ಹಳೇ ಗಾಡಿ ಎಲ್ಲಿ ನೋಯ್ತಿದೆ ಅಂತ ತಾನೇ ಹೇಳ್ಕೊಳ್ಳುತ್ತೆ."

"ಅದು ಹೇಳ್ಕೊಳ್ಳೋದಲ್ಲ ಅಣ್ಣ, ನರಳೋದು."

ನಂಜಪ್ಪ ಎಲೆಅಡಿಕೆ ಉಗಿದು ತೀರ್ಪು ಕೊಡುತ್ತಿದ್ದ: "ಎರಡೂ ಗಾಡೀನೇ ಕಣ್ರಪ್ಪ. ನಿಲ್ಲು ಅಂದ ಕಡೆ ನಿಂತ್ರೆ ಗಾಡಿ, ಇಲ್ದಿದ್ರೆ ಕಲ್ಲುಗುಂಡು."

ಅಷ್ಟಕ್ಕೇ ಮುಗಿದಿದ್ದರೆ ಅದು ತಮಾಷೆಯಾಗಿಯೇ ಉಳಿಯುತ್ತಿತ್ತು. ಆದರೆ ಚಿಕ್ಕಪ್ಪ ಹೊಸ ಕಾರನ್ನು ಹೆಂಡತಿಗೆ ಕಲಿಸಿದ. ಚಿಕ್ಕಮ್ಮನ ತವರು ಹೊಸಕೋಟೆ ಕಡೆಯ ಸಮೇತನಹಳ್ಳಿ. ಅಲ್ಲಿ ಅವಳ ಅಪ್ಪನಿಗೆ ಒಂದೆರಡು ಮಗ್ಗವೂ ಅಷ್ಟಿಷ್ಟು ಹೊಲವೂ ಇದ್ದವು. ಹುಡುಗಿಯಾಗಿದ್ದಾಗ ಟ್ರ್ಯಾಕ್ಟರಿನ ಸ್ಟೀರಿಂಗು ಹಿಡಿದ ಕೈ ಅವಳದು. ಕೆರೆಯ ಬಯಲಿನಲ್ಲಿ ನಾಲ್ಕು ಸುತ್ತು ಹೊಡೆಯುವಷ್ಟರಲ್ಲಿ ಅವಳಿಗೆ ಗಾಡಿ ಒಲಿದುಬಿಟ್ಟಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಓಡಿಸುತ್ತಿದ್ದಳು. ಮುಂದಿನ ಸೀಟಿನಲ್ಲಿ ನಾನು. ಆಗ ಅವಳು ಬೇರೆಯೇ ಹೆಂಗಸು. ಒಲೆಯ ಮುಂದೆ ತಲೆ ತಗ್ಗಿಸಿ ಕೂರುವವಳು ಇವಳೇನಾ ಅನ್ನಿಸುತ್ತಿತ್ತು. "ನಿನ್ ಕಾಲು ನೆಲಕ್ಕೆ ಎಟುಕ್ಲಿ, ನಿಂಗೂ ಕಲಿಸ್ತೀನಿ" ಎನ್ನುತ್ತಿದ್ದಳು. ನನ್ನ ಕಾಲು ಬೇಗ ಬೆಳೆಯಲಿ ಎಂದು ನಾನು ದೇವರಲ್ಲಿ ಕೇಳಿಕೊಳ್ಳುತ್ತಿದ್ದೆ. ನಮ್ಮ ಬೀದಿಯಲ್ಲಿ ಕಾರು ಓಡಿಸಿದ ಮೊದಲ ಹೆಣ್ಣು ನನ್ನ ಚಿಕ್ಕಮ್ಮ ಎಂಬ ಜಂಬ ನನಗೆ ಎಷ್ಟಿತ್ತೆಂದರೆ ಶಾಲೆಯಲ್ಲಿ ಅದನ್ನು ಹೇಳಿ ಹೇಳಿ ಗೆಳತಿಯರು ದೂರವಾದರು.

ಅಪ್ಪನಿಗೆ ಮಾತ್ರ ಒಂದು ಹೊಸ ಅಸ್ತ್ರ ಸಿಕ್ಕಿತು. ನನ್ನ ಗಾಡಿಯ ಸ್ಟೀರಿಂಗು ತಿರುಗಿಸಲು ರಟ್ಟೆ ಬೇಕು, ಇವನದು ಹೆಂಗಸರ ಗಾಡಿ ಎಂದು ಜಗಲಿಯಲ್ಲಿ ಹೇಳತೊಡಗಿದ. ಚಿಕ್ಕಮ್ಮ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದಳು. ಆ ಮಾತು ಚಿಕ್ಕಪ್ಪನಿಗೂ ಕುಟುಕಿತು. ಅಣ್ಣತಮ್ಮಂದಿರು ಒಂದೇ ಪಂಕ್ತಿಯಲ್ಲಿ ಕೂತು, ಸಾರು ಬೇಕೆಂದರೂ ಅಮ್ಮನ ಮೂಲಕ ಹೇಳಿಸುವಷ್ಟಾಯಿತು. ಒಂದೇ ಒಲೆ, ಒಂದೇ ಮಗ್ಗದ ಹಜಾರ, ಮಾತಿಲ್ಲ. ಬೇರೆಯಾಗುತ್ತಾರೇನೋ ಎಂದು ಅಮ್ಮ ಒಲೆಗೆ ಸೌದೆ ಒಟ್ಟುತ್ತಾ ಅಳುತ್ತಿದ್ದಳು. ಹೊಗೆಗೆ ಕಣ್ಣು ಉರಿಯಿತು ಎನ್ನುತ್ತಿದ್ದಳು.

ಆಗ ಬಂದದ್ದು ಆಯುಧಪೂಜೆ. ನೇಕಾರರಿಗೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಮಗ್ಗಗಳನ್ನು ನಿಲ್ಲಿಸಿ, ಧೂಳು ತೆಗೆದು, ತೊಳೆದು, ಕುಂಕುಮ ಇಟ್ಟು, ಬಾಳೆಕಂದು ಕಟ್ಟಿದರೆ ನಮ್ಮ ಹಜಾರವೇ ಗುಡಿ. ನಮ್ಮ ಮನೆತನದಲ್ಲಿ ಇನ್ನೊಂದು ಶಾಸ್ತ್ರವಿತ್ತು. ಪೂಜೆಯಾದ ಮೇಲೆ ಮನೆಯ ಹಿರಿಯ, ಹೊಸ ಡಬ್ಬದಿಂದ ಮಗ್ಗದ ಎಣ್ಣೆಯನ್ನು ಉದ್ದ ಮೂತಿಯ ಪುಟ್ಟ ಕ್ಯಾನಿಗೆ ತುಂಬಿಕೊಂಡು, ಮನೆಯಲ್ಲಿ ತಿರುಗುವುದಕ್ಕೆಲ್ಲ ತನ್ನ ಕೈಯಾರೆ ಎಣ್ಣೆ ಮುಟ್ಟಿಸಬೇಕು. ಮಗ್ಗ, ರಾಟೆ, ಹೊಲಿಗೆಯಂತ್ರ, ಬಾವಿಯ ಗಡಗಡೆ, ಸೈಕಲ್ಲು. ಹಿರಿಯರ ಕೈಯ ಎಣ್ಣೆ ಬಿದ್ದ ಯಂತ್ರ ಆ ವರ್ಷ ಕೈಕೊಡುವುದಿಲ್ಲ ಎಂದು ನಂಬಿಕೆ. ಎಣ್ಣೆ ಬೀಳದ್ದು ಮನೆಯದಲ್ಲ. ಅಪ್ಪನ ಕಾರಿಗೂ ಅದು ಆಗುತ್ತಿತ್ತು. ಬಾನೆಟ್ ಎತ್ತಿದರೆ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿನ ನೆತ್ತಿಯ ಮೇಲೊಂದು ಪುಟ್ಟ ಮುಚ್ಚಳ. ಅದನ್ನು ತಿರುಗಿಸಿ ತೆಗೆದು ತೆಳ್ಳನೆಯ ಎಣ್ಣೆ ಬಿಡುವುದು ಆ ಹಳೆಯ ಗಾಡಿಗೆ ನಿಜಕ್ಕೂ ಬೇಕಿತ್ತು. ಅಪ್ಪ ಮಗ್ಗದ ಎಣ್ಣೆಯನ್ನೇ ಬಿಡುತ್ತಿದ್ದ, ಗಾಡಿ ಸುಮ್ಮನೆ ಕುಡಿಯುತ್ತಿತ್ತು.

ಆ ವರ್ಷ ಅಪ್ಪ ಎಲ್ಲಕ್ಕೂ ಎಣ್ಣೆ ಮುಟ್ಟಿಸಿ, ಕೊಟ್ಟಿಗೆಯಿಂದ ಹೊರಬಂದು, ಕ್ಯಾನು ಹಿಡಿದುಕೊಂಡು ಬೀದಿ ಬಾಗಿಲ ಕಡೆ ನಡೆದ. ನಾವೆಲ್ಲ ಹಿಂದೆ ಹೋದೆವು. ಹೊಂಗೆಮರದ ಕೆಳಗೆ ಚೆಂಡುಹೂವಿನ ಹಾರ ಹಾಕಿಕೊಂಡ ಹೊಸ ಕಾರು, ನಾಲ್ಕು ಗಾಲಿಗೂ ನಿಂಬೆಹಣ್ಣು. ಅಪ್ಪ ಅದರ ಮುಂದೆ ನಿಂತು, ಅಷ್ಟು ದಿನದಲ್ಲಿ ಮೊದಲ ಸಲ ತಮ್ಮನ ಮುಖ ನೋಡಿ ಮಾತಾಡಿದ.

"ತೆಗಿಯೋ ಬಾನೆಟ್ಟು. ಮನೆ ಗಾಡಿ, ಹಂಗೇ ಬಿಡೋಕಾಗುತ್ತಾ?"

ಚಿಕ್ಕಪ್ಪನ ಮುಖ ಅರಳಿದ್ದನ್ನು ನಾನು ಕಂಡೆ. ಓಡಿಹೋಗಿ ಬಾನೆಟ್ ಎತ್ತಿದ. ಅಪ್ಪ ಒಳಗೆ ಕಣ್ಣಾಡಿಸಿ, ಹಿಂಭಾಗದಲ್ಲಿದ್ದ ಒಂದು ಪುಟ್ಟ ಮುಚ್ಚಳ ಕಂಡು, ಅದನ್ನು ತಿರುಗಿಸಿ ತೆಗೆದ.

"ಇದೇ ತಾನೇ ಇದರ ಬಾಯಿ?"

"ಅಣ್ಣ, ಅದು..." ಎಂದ ಚಿಕ್ಕಪ್ಪ.

"ಏನೋ?"

"ಏನಿಲ್ಲ. ಹಾಕು, ಅಣ್ಣ."

ಅಪ್ಪ ಧಾರಾಳವಾಗಿ ಹಾಕಿದ. ಬೇರೆಯದಕ್ಕೆಲ್ಲ ನಾಲ್ಕು ಹನಿ, ಇದಕ್ಕೆ ಮಾತ್ರ ಕ್ಯಾನು ಬಗ್ಗಿಸಿ ಹಿಡಿದ. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಚಿಕ್ಕಮ್ಮ ಗಾಡಿ ಹತ್ತಿ ನಿಂಬೆಹಣ್ಣುಗಳ ಮೇಲೆ ಹಾಯಿಸಿದಾಗ ಅಪ್ಪ ಚಪ್ಪಾಳೆ ತಟ್ಟಿದ. ಆ ದಿನ ಅಣ್ಣತಮ್ಮಂದಿರು ಒಂದೇ ಎಲೆಯ ಹೋಳಿಗೆ ಹಂಚಿಕೊಂಡು ತಿಂದರು. ನನ್ನ ಬಾಲ್ಯದ ಅತ್ಯಂತ ಸುಖದ ದಿನ ಯಾವುದೆಂದು ಕೇಳಿದರೆ ನಾನು ಈಗಲೂ ಅದನ್ನೇ ಹೇಳಬೇಕು. ಅದೇ ನನ್ನ ಸಂಕಟ.

ದೀಪಾವಳಿಗೆ ಚಿಕ್ಕಮ್ಮನ ತವರಿಗೆ ಹೊರಟೆವು. ಓಡಿಸುವವಳು ಅವಳು, ಪಕ್ಕದಲ್ಲಿ ಚಿಕ್ಕಪ್ಪ, ಹಿಂದೆ ನಾನು, ನನ್ನ ತೊಡೆಯ ಮೇಲೆ ಕಜ್ಜಾಯದ ಡಬ್ಬ. ಹೊರಟಾಗಿನಿಂದ ಅವಳ ಮುಖ ಸರಿಯಿರಲಿಲ್ಲ. "ಬ್ರೇಕು ಯಾಕೋ ಬಿಗಿ ಹಿಡ್ಕೊಂಡಂಗಿದೆ ಕಣ್ರೀ, ಗಾಡಿ ಮುಂದಕ್ಕೇ ಹೋಗಲ್ಲ ಅಂತಿದೆ" ಎಂದಳು. ಚಿಕ್ಕಪ್ಪ ಕಿಟಕಿಯ ಹೊರಗೆ ನೋಡುತ್ತಾ, "ಹೊಸ ಗಾಡಿ ಅಲ್ವಾ, ಸರಿಹೋಗುತ್ತೆ ಬಿಡು" ಎಂದ. ದೇವನಹಳ್ಳಿ ದಾಟಿ ಒಂದು ಇಳಿಜಾರು. ಮುಂದೆ ರಾಗಿಹುಲ್ಲು ಹೇರಿದ ಎತ್ತಿನ ಗಾಡಿ. ಚಿಕ್ಕಮ್ಮ ಬ್ರೇಕು ಒತ್ತಿದಳು, ಮತ್ತೆ ಒತ್ತಿದಳು. "ಹಿಡೀತಿಲ್ಲ ರೀ, ಹಿಡೀತಿಲ್ಲ" ಎಂದು ಕೂಗಿದಳು. ಎತ್ತುಗಳನ್ನು ತಪ್ಪಿಸಲು ಎಡಕ್ಕೆ ತಿರುಗಿಸಿ, ರಸ್ತೆ ಬದಿಯ ಜಲ್ಲಿರಾಶಿಗೆ ನುಗ್ಗಿಸಿದಳು. ಗಾಡಿಯ ಮೂತಿ ಹಪ್ಪಳದ ಹಾಗೆ ಮುರಿಯಿತು. ಅವಳ ಬಲಗೈಯ ಮಣಿಕಟ್ಟೂ ಮುರಿಯಿತು. ಚಿಕ್ಕಪ್ಪನ ಹಣೆ ಒಡೆಯಿತು, ನನ್ನ ತುಟಿ ಸೀಳಿತು. ಎತ್ತುಗಳಿಗೆ, ಗಾಡಿಯವನಿಗೆ ಏನೂ ಆಗಲಿಲ್ಲ. ಅವಳು ಅಷ್ಟು ಚೆನ್ನಾಗಿ ಓಡಿಸಿದ್ದಳು ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು.

ಯಾರೋ ಫೋನು ಮಾಡಿ ತಿಳಿಸಿದ ಮೇಲೆ ಅಪ್ಪ ತನ್ನ ಹಳೆಯ ಕಾರು ತಂದು ನಮ್ಮನ್ನು ಮನೆಗೆ ಕರೆದೊಯ್ದ. ದಾರಿಯುದ್ದಕ್ಕೂ ಅಳುತ್ತಿದ್ದ, ನಾನು ನೋಡಿದ್ದೇನೆ. ನಾವು ಬದುಕಿದ್ದೇವೆ ಎಂದು ಮನಸ್ಸಿಗೆ ಖಾತ್ರಿಯಾದ ಮೇಲೆ ಜಗಲಿಗೆ ಹೋಗಿ ಕೂತ. ಅಲ್ಲಿಂದ ಬೇರೆ ಮನುಷ್ಯನಾದ.

"ಕೊನೆಗೆ ಮನೆಗೆ ತಂದಿದ್ದು ಯಾವ ಗಾಡೀನಪ್ಪಾ?" ಎಂದು ಬಂದವರನ್ನೆಲ್ಲ ಕೇಳುತ್ತಿದ್ದ. "ಅದು ಮೊದ್ಲೇ ತಗಡು. ಅದರ ಮೇಲೆ ಹೆಣ್ಣುಮಗಳ ಕಾಲು. ಬ್ರೇಕು ಅಂತ ಇನ್ನೊಂದನ್ನ ಒತ್ತವ್ಳೆ."

"ಬ್ರೇಕು ಹಿಡೀಲಿಲ್ಲ ಭಾವ," ಎಂದು ಚಿಕ್ಕಮ್ಮ ಬಾಗಿಲ ಹಿಂದಿನಿಂದ ಹೇಳಿದಳು. ಅಪ್ಪನಿಗೆ ಎದುರಾಗಿ ಅವಳು ಆಡಿದ ಮೊದಲ ಮಾತು ಅದು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದ ಅಪ್ಪ. ಜಗಲಿಯವರೆಲ್ಲ ನಕ್ಕರು. ಚಿಕ್ಕಪ್ಪ ನಗಲಿಲ್ಲ. ಬೇರೇನೂ ಹೇಳಲೂ ಇಲ್ಲ. ಚಿಕ್ಕಮ್ಮ ಬ್ರೇಕು ಒತ್ತಿದ್ದು ನಿಜ ಎಂದು ನಾನು ಎಲ್ಲರಿಗೂ ಹೇಳಿದೆ. ಹಿಂದೆ ಕೂತವಳಿಗೆ ಕಾಲು ಕಾಣಿಸುತ್ತಾ ಎಂದು ಅಮ್ಮ ನನ್ನ ಬಾಯಿ ಮುಚ್ಚಿಸಿದಳು.

ಗಾಡಿ ಬೆಂಗಳೂರಿನಲ್ಲಿ ರಿಪೇರಿಯಾಗಿ ಬಂತು. ಚಿಕ್ಕಮ್ಮನ ಕೈಗೆ ಇನ್ನೂ ಪ್ಲಾಸ್ಟರಿನ ಕಟ್ಟು ಇತ್ತು. ಗಂಡ ಚಪ್ಪಲಿ ಬಿಡುವ ಮೊದಲೇ ಕೇಳಿದಳು.

"ಬ್ರೇಕಿಗೆ ಏನಾಗಿತ್ತಂತೆ?"

"ಏನೂ ಆಗಿರಲಿಲ್ವಂತೆ," ಎಂದ ಚಿಕ್ಕಪ್ಪ. "ಚೆನ್ನಾಗೇ ಇತ್ತಂತೆ."

ಅಂದಿನಿಂದ ಅವಳು ತನ್ನ ಕಾಲನ್ನೇ ನಂಬದಾದಳು. ಒಲೆಯ ಮುಂದೆ ಮಣೆ ಹಾಕಿ ಕೂತು ರೊಟ್ಟಿ ತಟ್ಟುವಾಗ ಅವಳ ಬಲಗಾಲು ನೆಲವನ್ನು ಒತ್ತುತ್ತಿತ್ತು, ಬಿಡುತ್ತಿತ್ತು, ಮತ್ತೆ ಒತ್ತುತ್ತಿತ್ತು. ರೊಟ್ಟಿ ಸೀದುಹೋಗುತ್ತಿತ್ತು. "ಇದನ್ನೇ ಒತ್ತಿದ್ದೆ ಅಲ್ವೇನೇ?" ಎಂದು ನನ್ನನ್ನು ಕೇಳುತ್ತಿದ್ದಳು. ಹೌದು ಎಂದರೆ, "ನಿಂಗೆ ಹೆಂಗೆ ಗೊತ್ತು" ಎನ್ನುತ್ತಿದ್ದಳು. ಹೊಸ ಕಾರಿನ ಬೀಗದ ಕೈ ದೇವರ ಗೂಡಿನ ಪಕ್ಕದ ಮೊಳೆಗೆ ಹೋಯಿತು. ಅವಳು ಅದರತ್ತ ಕೈ ಚಾಚಲಿಲ್ಲ. ನನಗೆ ಕಲಿಸುವ ಮಾತನ್ನೂ ಎತ್ತಲಿಲ್ಲ. ಜಗಲಿಯಲ್ಲಿ ಮಾತ್ರ ಹಳೆಯದರ ಜಯಭೇರಿ. ವಿಚಿತ್ರವೆಂದರೆ ಚಿಕ್ಕಪ್ಪನೂ ಸೋಲೊಪ್ಪಿದ್ದ. "ನೀನು ಹೇಳೋದು ಸರಿ ಅಣ್ಣ, ಹಳೇದರ ಗಟ್ಟಿತನ ಹೊಸದಕ್ಕೆಲ್ಲಿ ಬರುತ್ತೆ" ಎನ್ನುತ್ತಿದ್ದ. ತಮ್ಮ ದಾರಿಗೆ ಬಂದ ಎಂದು ಅಪ್ಪನಿಗೆ ಖುಷಿ. ಮನೆ ಒಡೆಯಲಿಲ್ಲ ಎಂದು ಅಮ್ಮನಿಗೆ ಸಮಾಧಾನ. ಮೌನ ಬಂಗಾರ ಎಂದು ಗಾದೆ ಕಟ್ಟಿದವರು ಯಾರೋ, ನಮ್ಮ ಮನೆಯ ಬಂಗಾರವನ್ನು ಯಾರ ಮೈಯಿಂದ ಸುಲಿದರೆಂದು ಅವರು ನೋಡಬೇಕಿತ್ತು.

ಮತ್ತೆ ಆಯುಧಪೂಜೆ ಬಂತು. ಮಗ್ಗ ತೊಳೆದೆವು, ಬಾಳೆಕಂದು ಕಟ್ಟಿದೆವು. ಎರಡೂ ಕಾರಿಗೆ ಹಾರ, ಎರಡಕ್ಕೂ ನಿಂಬೆಹಣ್ಣು. ಅಪ್ಪ ಕ್ಯಾನು ಹಿಡಿದು ಎಲ್ಲಕ್ಕೂ ಎಣ್ಣೆ ಮುಟ್ಟಿಸುತ್ತಾ ಬೀದಿಗೆ ಬಂದ. ಆ ದಿನ ಅವನ ಮನಸ್ಸು ಹಿಗ್ಗಿತ್ತು. ಗೆದ್ದವನಿಗೆ ಸೋತ ಗಾಡಿಯ ಮೇಲೆ ಕರುಣೆ ಬಂದಿತ್ತು.

"ಪಾಪ, ಇದಕ್ಕೂ ಸ್ವಲ್ಪ ಜಾಸ್ತೀನೇ ಹಾಕ್ತೀನಿ," ಎನ್ನುತ್ತಾ ತಾನೇ ಬಾನೆಟ್ ಎತ್ತಿ, ಅದೇ ಮುಚ್ಚಳ ತಿರುಗಿಸಿ ತೆಗೆದ. ಕ್ಯಾನು ಬಗ್ಗಿಸಿದ.

ಚಿಕ್ಕಪ್ಪ ಅವನ ಕೈ ಹಿಡಿದುಕೊಂಡ.

"ಬೇಡ ಅಣ್ಣ."

"ಯಾಕೋ? ಹೋದ್ವರ್ಷ ಹಾಕ್ಲಿಲ್ವಾ?"

ಚಿಕ್ಕಪ್ಪ ಕೈ ಬಿಡಲಿಲ್ಲ. ಎದುರುಮನೆಯಿಂದ ಪೂಜೆ ನೋಡಲು ಬಂದಿದ್ದ ನಂಜಪ್ಪ ಬಗ್ಗಿ ಮುಚ್ಚಳದ ಬಾಯಿ ನೋಡಿದ. ಮುಖ ಎತ್ತಿದಾಗ ಅವನ ಬಣ್ಣ ಬೇರೆಯಾಗಿತ್ತು.

"ಅಯ್ಯೋ ಯಜಮಾನ್ರೇ, ಇದು ಬ್ರೇಕಿನ ಎಣ್ಣೆ ಹಾಕೋ ಬಾಯಲ್ವಾ! ಅದರ ಎಣ್ಣೇನೇ ಬೇರೆ. ಇದಕ್ಕೆ ಮಗ್ಗದ ಎಣ್ಣೆ ಹಾಕಿದ್ರೆ ಒಳಗಿನ ರಬ್ಬರೆಲ್ಲ ಊದ್ಕೊಂಡು ಹೋಗ್ಬಿಡುತ್ತೆ. ಬ್ರೇಕು ಮೊದ್ಲು ಕಚ್ಕೊಳ್ಳುತ್ತೆ, ಆಮೇಲೆ ಹಿಡಿಯೋದೇ ಇಲ್ಲ."

ಬೀದಿಯಲ್ಲಿ ಅಂದು ಯಾವ ಮಗ್ಗವೂ ಓಡುತ್ತಿರಲಿಲ್ಲ. ಆರತಿ ತಟ್ಟೆ ಹಿಡಿದಿದ್ದ ಚಿಕ್ಕಮ್ಮ ಅದನ್ನು ನನ್ನ ಕೈಗೆ ಕೊಟ್ಟು ಗಂಡನ ಮುಂದೆ ಬಂದು ನಿಂತಳು.

"ನಿಮಗೆ ಗೊತ್ತಿತ್ತಾ?"

"ರಿಪೇರಿಯೋರು ಹೇಳಿದ್ರು," ಎಂದ ಚಿಕ್ಕಪ್ಪ ನೆಲ ನೋಡುತ್ತಾ.

"ಅದಕ್ಕೆ ಮುಂಚೆ?"

"ಅಣ್ಣ ಎಷ್ಟೋ ದಿನದ ಮೇಲೆ ಮಾತಾಡಿಸಿದ್ದ ಕಣೇ. ಹಬ್ಬದ ದಿನ ಅವನ ಕೈ ಹೆಂಗೆ ತಡೀಲಿ? ಸ್ವಲ್ಪ ಎಣ್ಣೆ ತಾನೇ, ಏನಾಗುತ್ತೆ ಅಂದ್ಕೊಂಡೆ."

"ಇವತ್ತು ತಡೆದ್ರಲ್ಲ," ಎಂದಳು ಚಿಕ್ಕಮ್ಮ. ಅವಳ ದನಿ ಏರಲಿಲ್ಲ. ನಮ್ಮ ಮನೆಯಲ್ಲಿ ಮೆಲ್ಲಗೆ ಆಡಿದ ಮೊದಲ ಮಾತನ್ನು ನಾನು ಕೇಳಿದ್ದು ಆಗ. "ಒಂದು ವರ್ಷ ನನ್ನ ಕಾಲೇ ಸರಿಯಿಲ್ಲ ಅಂದ್ಕೊಂಡು ಬದುಕಿದ್ದೀನಿ. ಹೊಸ ಗಾಡಿ, ಹೊಸ ಗಾಡಿ ಅಂತ ಕುಣಿದ್ರಲ್ಲ. ನೀವೂ ಹಳೇದೇ ಕಣ್ರೀ."

ಅಪ್ಪ ಕ್ಯಾನನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತಿದ್ದ. ಎಣ್ಣೆ ಅವನ ಪಂಚೆಯ ಮೇಲೆ ಸುರಿಯುತ್ತಿತ್ತು. ಕೊನೆಗೆ ಒಳಗೆ ಹೋಗಿ, ದೇವರ ಗೂಡಿನ ಮೊಳೆಯಿಂದ ಬೀಗದ ಕೈ ತಂದು, ಎಣ್ಣೆಗೈಯಲ್ಲೇ ಚಿಕ್ಕಮ್ಮನ ಮುಂದೆ ಹಿಡಿದ.

"ತಗೋಮ್ಮ ಸುಮಿತ್ರಾ. ನೀನೇ ಓಡಿಸು. ತಪ್ಪಾಯ್ತು ಕಣವ್ವಾ."

ಅಪ್ಪ ಯಾರನ್ನಾದರೂ ಕ್ಷಮೆ ಕೇಳಿದ್ದನ್ನು ನಾನು ಅದಕ್ಕೆ ಹಿಂದೆಯೂ ಕಂಡಿರಲಿಲ್ಲ, ಮುಂದೆಯೂ ಕಾಣಲಿಲ್ಲ. ಅವನನ್ನು ಆ ಹೊತ್ತಿಗೆ ನಾನು ಪ್ರೀತಿಸಿದಷ್ಟು ಎಂದೂ ಪ್ರೀತಿಸಿಲ್ಲ. ಚಿಕ್ಕಪ್ಪನ ಮೇಲಿನ ಸಿಟ್ಟು ಮಾತ್ರ ನನಗೆ ಇವತ್ತಿಗೂ ಇಳಿದಿಲ್ಲ, ಅವನು ನನ್ನನ್ನು ಎಷ್ಟು ಎತ್ತಿ ಆಡಿಸಿದ್ದರೂ. ಗೊತ್ತಿಲ್ಲದೆ ಎಣ್ಣೆ ಹಾಕಿದವನು ತಪ್ಪಾಯ್ತು ಎಂದ. ಗೊತ್ತಿದ್ದೂ ಸುಮ್ಮನಿದ್ದವನು, ಅಣ್ಣನ ಮೇಲಿನ ಪ್ರೀತಿಗೆ ಸುಮ್ಮನಿದ್ದೆ ಎಂದು ಸಾಯುವತನಕ ಹೇಳಿಕೊಂಡ. ನಾನು ಈಗ ಸಭೆಯಿರಲಿ ಸಮಾರಂಭವಿರಲಿ, ಹಿರಿಯರು ತಪ್ಪು ಮುಚ್ಚಳಕ್ಕೆ ಕೈ ಹಾಕಿದ್ದು ಕಂಡರೆ ಅಲ್ಲೇ ಕೂಗಿಬಿಡುತ್ತೇನೆ. ಬಜಾರಿ ಎನ್ನುತ್ತಾರೆ, ಅನ್ನಲಿ.

ಬೀಗದ ಕೈಯನ್ನು ಚಿಕ್ಕಮ್ಮ ತೆಗೆದುಕೊಳ್ಳಲಿಲ್ಲ. ಅಪ್ಪ ಅದನ್ನು ನನ್ನ ಕೈಯಲ್ಲಿದ್ದ ಆರತಿ ತಟ್ಟೆಯ ಕುಂಕುಮದ ಮೇಲೆ ಇಟ್ಟ. ಆ ವರ್ಷ ಗಾಲಿಗಳ ಕೆಳಗಿನ ನಿಂಬೆಹಣ್ಣುಗಳ ಮೇಲೆ ಯಾರೂ ಗಾಡಿ ಹಾಯಿಸಲಿಲ್ಲ, ಅವು ಅಲ್ಲೇ ಒಣಗಿದವು. ಮಾರನೆಯ ಬೆಳಿಗ್ಗೆ ಚಿಕ್ಕಮ್ಮ ಒಂದು ಚೀಲಕ್ಕೆ ಬಟ್ಟೆ ತುಂಬಿಕೊಂಡು ತವರಿಗೆ ಹೊರಟಳು. ಸ್ವಲ್ಪ ದಿನ ಇದ್ದು ಬರುತ್ತೇನೆ ಎಂದಳು, ಬಂದಳು ಕೂಡ. ಅಪ್ಪ ಬಾಗಿಲಲ್ಲಿ ನಿಂತು ಬಿಡ್ತೀನಿ ಬಾಮ್ಮ ಎಂದ, ಚಿಕ್ಕಪ್ಪ ಚಪ್ಪಲಿ ಮೆಟ್ಟಿಕೊಂಡ. ಅವಳು ಇಬ್ಬರನ್ನೂ ದಾಟಿ, ಕೊಟ್ಟಿಗೆಯ ಕಾರನ್ನೂ ಹೊಂಗೆಮರದ ಕಾರನ್ನೂ ದಾಟಿ, ಬಸ್‌ಸ್ಟ್ಯಾಂಡಿನ ಕಡೆ ನಡೆದು ಹೋದಳು. ಅಂದಿನಿಂದ ಕೊನೆಯವರೆಗೂ ಅವಳು ಎಲ್ಲಿಗೆ ಹೋದರೂ ಬಸ್ಸಿಗೇ ಹೋದಳು.